ಸನ್ನಿಯೋ, ಅರಳುಮರಳೋ: ಮಲೆನಾಡಿನ ಮನೆಯೊಂದರ ಪ್ರಕರಣ

"ಸಿಸ್ಟರ್, ನಮ್ಮತ್ತೆಗೆ ಅರಳುಮರಳು ಜಾಸ್ತಿ ಆಗಿದೆ. ರಾತ್ರಿ ಹೊತ್ತು ನೋಡ್ಕೊಳ್ಳೋಕೆ ಯಾರಾದ್ರೂ ಸಿಗ್ತಾರಾ?"

ಫೋನಿನಲ್ಲಿ ಸೊಸೆ ಕೇಳಿದ್ದು ಇಷ್ಟೇ. ಜೂನ್ ಕೊನೆಯ ವಾರ. ಹಿಂದೆ ಮಳೆಯ ಸದ್ದು, ಅದರ ಹಿಂದೆ ಯಾರೋ ಕೂಗುತ್ತಿರುವ ಸದ್ದು.

"ಯಾವತ್ತಿನಿಂದ?" ಅಂದೆ.

"ಮರೆವು ಎರಡು ವರ್ಷದಿಂದ ಇದೆ."

"ಅದಲ್ಲ. ಈ ಜಾಸ್ತಿ ಆಗಿದ್ದು ಯಾವತ್ತಿನಿಂದ?"

ಸ್ವಲ್ಪ ಹೊತ್ತು ಮಾತಿಲ್ಲ. "ಒಂದು ವಾರ ಆಗಿರಬಹುದು."

ರಾತ್ರಿ ನೋಡಿಕೊಳ್ಳುವವರನ್ನು ಹುಡುಕುವುದು ಆಮೇಲೆ, ಮೊದಲು ನಾನೇ ಬರ್ತೇನೆ ಅಂದೆ. ಎರಡು ವರ್ಷದಲ್ಲಿ ನಿಧಾನವಾಗಿ ಇಳಿಯುವ ಕಾಯಿಲೆ ಒಂದೇ ವಾರದಲ್ಲಿ ಹೀಗೆ ಜಿಗಿಯುವುದಿಲ್ಲ. ಜಿಗಿದರೆ ಬೇರೆ ಏನೋ ಇದೆ ಅಂತ ಅರ್ಥ.

ನಾನು ಆಸ್ಪತ್ರೆಯ ವಾರ್ಡಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ, ಈಗ ಮನೆಮನೆಗೆ ಹೋಗಿ ವಯಸ್ಸಾದವರ ಶುಶ್ರೂಷೆ ಮಾಡುವವಳು. ಈ ಪ್ರಕರಣವನ್ನು ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ತೀರ್ಥಹಳ್ಳಿ ಸೀಮೆಯ ಒಂದು ಅಡಿಕೆ ತೋಟದ ಮನೆ, 79 ವರ್ಷದ ಅಜ್ಜಿ ಅಂತಿಟ್ಟುಕೊಳ್ಳಿ.

ನಮ್ಮ ಭಾಷೆಯಲ್ಲಿ ಇದಕ್ಕೆ ಎರಡು ಮಾತಿವೆ. ವಯಸ್ಸಾಗುತ್ತಾ ಬುದ್ಧಿ ಮಸುಕಾಗುವುದಕ್ಕೆ ಅರಳುಮರಳು. ಜ್ವರ ಏರಿದಾಗಲೋ ಕಾಯಿಲೆ ಬಿಗಡಾಯಿಸಿದಾಗಲೋ ಇದ್ದಕ್ಕಿದ್ದಂತೆ ಏನೇನೋ ಬಡಬಡಿಸುವುದಕ್ಕೆ ಸನ್ನಿ. ಹಳಬರು ಇವೆರಡನ್ನೂ ಬೇರೆ ಬೇರೆಯಾಗಿಯೇ ಬಳಸುತ್ತಿದ್ದರು. "ಸನ್ನಿ ಹಿಡಿದಿದೆ" ಅಂದರೆ ಆ ರಾತ್ರಿಯೇ ವೈದ್ಯರನ್ನು ಕರೆತರಲು ಆಳು ಓಡುತ್ತಿತ್ತು. ಈಗ ಡೆಮೆನ್ಷಿಯಾ ಅನ್ನುವ ಒಂದು ಚೀಟಿ ಅಂಟಿದ ಮೇಲೆ ಏನೇ ಆದರೂ ಅದರ ಲೆಕ್ಕಕ್ಕೇ ಹೋಗುತ್ತದೆ. ಡಾಕ್ಟರ ಬಾಯಲ್ಲಿ ಸನ್ನಿಗೆ ಡೆಲಿರಿಯಂ ಅನ್ನುತ್ತಾರೆ. ಮರೆವಿನ ಕಾಯಿಲೆ ಇರುವವರಿಗೆ ಅದು ಬರುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಅದನ್ನು ಯಾರೂ ಗಮನಿಸದೇ ಹೋಗುವುದೂ ಅವರಲ್ಲೇ ಜಾಸ್ತಿ.

ಗೋಡೆಯ ಕ್ಯಾಲೆಂಡರ್

ನಾನು ಹೋದಾಗ ಬೆಳಗಿನ ಹತ್ತೂವರೆ. ಅಜ್ಜಿ ಒಳಗಿನ ಕೋಣೆಯಲ್ಲಿ ಮಲಗಿದ್ದರು. ರಾತ್ರಿಯೆಲ್ಲಾ ಕೂಗಾಡಿ ಈಗ ನಿದ್ದೆ. ಮಗ ತೋಟಕ್ಕೆ ಹೋಗಿದ್ದರು. ಸೊಸೆಯ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

ನಾನು ರೋಗಿಯ ಹತ್ತಿರ ಹೋಗಲಿಲ್ಲ. ಅಡುಗೆಮನೆ ಬಾಗಿಲ ಪಕ್ಕದ ಕ್ಯಾಲೆಂಡರಿನ ಹತ್ತಿರ ಹೋದೆ. ನಮ್ಮ ಕಡೆಯ ಮನೆಗಳಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಆಳಿಗೆ ಕೊಟ್ಟ ದುಡ್ಡು, ಎಲ್ಲಾ ಅದರ ಮೇಲೇ ಇರುತ್ತದೆ. ಸೊಸೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದೊಂದೇ ದಿನ ಹಿಂದಕ್ಕೆ ಹೋದೆವು.

ಏಪ್ರಿಲ್‌ನಲ್ಲಿ ಮರೆವಿನ ಮಾತ್ರೆ ಡೊನೆಪೆಜಿಲ್ 5 ಮಿಲಿಗ್ರಾಂನಿಂದ 10ಕ್ಕೆ ಏರಿತ್ತು. ಮೇ ತಿಂಗಳಲ್ಲಿ ಅಜ್ಜಿಗೆ ಮೂತ್ರ ತಡೆದುಕೊಳ್ಳಲು ಆಗದೆ ಬಚ್ಚಲಿಗೆ ಹೋಗುವಷ್ಟರಲ್ಲಿ ಸೀರೆ ಒದ್ದೆ. ಬೇರೆ ಊರಿನ ಬೇರೆ ಡಾಕ್ಟರ್ ಅದಕ್ಕೆ ಆಕ್ಸಿಬ್ಯುಟಿನಿನ್ ಬರೆದರು. ಜೂನ್ 12ಕ್ಕೆ ಕಿವಿಯ ಮಿಷನ್ನಿನ ಬ್ಯಾಟರಿ ಮುಗಿಯಿತು. ಪೇಟೆಗೆ ಹೋದಾಗ ತರೋಣ ಅಂತ ಬಿಟ್ಟರು, ಮಳೆ ಹಿಡಿಯಿತು. 15ಕ್ಕೆ ಶೀತ, ಮೆಡಿಕಲ್ ಶಾಪಿನಿಂದ ಶೀತದ ಮಾತ್ರೆ. 18ರ ರಾತ್ರಿ ಮೊದಲ ಕೂಗಾಟ. 20ಕ್ಕೆ ಅದೇ ಶಾಪಿನಿಂದ ನಿದ್ದೆ ಮಾತ್ರೆ. 22ರಿಂದ ಡೈಪರ್. 23ಕ್ಕೆ ಭೇದಿ ನಿಲ್ಲುವ ಮಾತ್ರೆ ಎರಡು. ನಾನು ಹೋಗಿದ್ದು 24ಕ್ಕೆ.

ಬರೆದುಕೊಂಡ ಮೇಲೆ ಸೊಸೆಯೇ ಅದನ್ನು ನೋಡಿ, "ಅಯ್ಯೋ, ಎಲ್ಲಾ ಒಂದರ ಹಿಂದೆ ಒಂದು ಬಂದಿದೆ ಅಲ್ವಾ" ಅಂದರು.

ಹೌದು. ಆ ಸಾಲನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದು ಈ ಒಂದು ಮನೆಯ ಕಥೆ ಅಲ್ಲ. ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ಇದೆ. ನೆನಪಿಗೂ ಗಮನಕ್ಕೂ ಬೇಕಾದದ್ದು. ಆಲ್ಝೈಮರ್ಸ್‌ನಲ್ಲಿ ಅದು ಕಡಿಮೆ ಆಗುತ್ತದೆ. ಡೊನೆಪೆಜಿಲ್ ಇರುವಷ್ಟನ್ನು ಉಳಿಸಲು ನೋಡುತ್ತದೆ. ಆದರೆ ಅದೇ ರಾಸಾಯನಿಕ ಮೂತ್ರಕೋಶವನ್ನೂ ಹಿಂಡುತ್ತದೆ. ಹಾಗಾಗಿ ಡೋಸ್ ಏರಿದಾಗ ಕೆಲವರಿಗೆ ಮೂತ್ರದ ಅವಸರ ಶುರುವಾಗುತ್ತದೆ. ಅದನ್ನು ಹೊಸ ಕಾಯಿಲೆ ಅಂದುಕೊಂಡು ಆಕ್ಸಿಬ್ಯುಟಿನಿನ್ ಕೊಟ್ಟರೆ, ಅದು ಅಸಿಟೈಲ್‌ಕೋಲಿನ್‌ನ ದಾರಿಯನ್ನೇ ಅಡ್ಡಗಟ್ಟುತ್ತದೆ. ಒಂದು ಕೈಯಲ್ಲಿ ದೀಪಕ್ಕೆ ಎಣ್ಣೆ ಹೊಯ್ದು ಇನ್ನೊಂದು ಕೈಯಲ್ಲಿ ಬತ್ತಿ ಎಳೆದ ಹಾಗೆ. ಅದರ ಮೇಲೆ ಶೀತದ ಮಾತ್ರೆ. ನಮ್ಮಲ್ಲಿ ಸಿಗುವ ಬಹುಪಾಲು ಶೀತದ ಮಾತ್ರೆಯಲ್ಲಿ ಕ್ಲೋರ್‌ಫೆನಿರಮೈನ್ ಇರುತ್ತದೆ. ಅದೂ ಅದೇ ದಾರಿಗೆ ಅಡ್ಡ. ಬಾಯಿ ಒಣಗುತ್ತದೆ, ಮಲ ಕಟ್ಟುತ್ತದೆ, ಮೂತ್ರ ಕಟ್ಟುತ್ತದೆ, ತಲೆ ಮಂಕಾಗುತ್ತದೆ. ಅಮೆರಿಕದಲ್ಲಿ 1991ರಲ್ಲಿ ಮಾರ್ಕ್ ಬೀರ್ಸ್ ಅನ್ನುವ ವೈದ್ಯರು, ವಯಸ್ಸಾದವರಿಗೆ ಕೊಡಬಾರದ ಮಾತ್ರೆಗಳ ಪಟ್ಟಿಯೊಂದನ್ನು ಶುರುಮಾಡಿದರು. 2023ರಲ್ಲಿ ಪರಿಷ್ಕರಿಸಿದ ಅದರ ಆವೃತ್ತಿಯಲ್ಲೂ ಈ ಜಾತಿಯ ಮಾತ್ರೆಗಳಿವೆ. ಪಟ್ಟಿ ಏನೋ ಇದೆ. ಮೆಡಿಕಲ್ ಶಾಪಿನ ಹುಡುಗನಿಗೆ ಅದು ಗೊತ್ತಿರಬೇಕು ಅಂತ ನಿರೀಕ್ಷಿಸುವುದೂ ತಪ್ಪೇ.

ಆ ಮನೆಯ ಮಾತ್ರೆಗಳೆಲ್ಲಾ ಒಂದು ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ಹಾಸಿದ ಪೇಪರಿನ ಮೇಲೆ ಸುರಿದೆ. ಮೇಲಿನ ಮೂರಲ್ಲದೆ ನಿದ್ದೆಯ ಆಲ್‌ಪ್ರಜೋಲಮ್, ಭೇದಿಯ ಲೋಪೆರಮೈಡ್, ನೀರು ಇಳಿಸುವ ಹೈಡ್ರೋಕ್ಲೋರೋಥಯಜೈಡ್ ಸೇರಿದ್ದ ಬಿಪಿ ಮಾತ್ರೆ, ತೀರಿಹೋದ ಅಜ್ಜನ ಎರಡು ಸ್ಟ್ರಿಪ್.

ಪ್ರಭವ, ವಿಭವ, ಶುಕ್ಲ

ಅಜ್ಜಿ ಹನ್ನೊಂದೂವರೆಗೆ ಎದ್ದರು. ಕೋಣೆ ಕತ್ತಲು. ಹಂಚಿನ ಮಾಡು, ಒಂದೇ ಕಿಟಕಿ, ಹೊರಗೆ ಮಳೆ. ನಾನು ಅವರ ಎದುರಿಗೆ, ಮಂಚಕ್ಕಿಂತ ಕೆಳಗೆ, ಒಂದು ಮಣೆ ಹಾಕಿ ಕೂತೆ.

"ನೀ ಯಾರ್ ಮನೆ ಹುಡುಗಿ?" ಅಂದರು. ಮಾತು ತೊದಲು. ನಾಲಿಗೆ ಒಣಗಿ ಅಂಟುತ್ತಿತ್ತು.

ನಾನು ಹೇಳುವಷ್ಟರಲ್ಲಿ ಕಣ್ಣು ಗೋಡೆಯ ಕಡೆ ಹೋಯಿತು. "ಆ ಮಕ್ಕಳಿಗೆ ಏನಾದ್ರೂ ಕೊಟ್ರಾ? ಬೆಳಗ್ಗಿಂದ ನಿಂತಿದಾವೆ."

ಗೋಡೆಯ ಗೂಟಕ್ಕೆ ಮೂರು ಕೊಪ್ಪೆ ನೇತುಹಾಕಿದ್ದರು. ತೋಟಕ್ಕೆ ಹಾಕಿಕೊಂಡು ಹೋಗುವ ಪ್ಲಾಸ್ಟಿಕ್ ಕೊಪ್ಪೆ, ಒಣಗಲಿ ಅಂತ. ಆ ಮಬ್ಬಿನಲ್ಲಿ, ಅಜ್ಜಿಯ ಮಂಚದ ಎತ್ತರದಿಂದ, ಅವು ಮೂರು ತಲೆಯ ಹಾಗೇ ಕಾಣುತ್ತಿದ್ದವು. ನಾನೂ ಆ ದಿಂಬಿನ ಮಟ್ಟಕ್ಕೆ ತಲೆ ಇಟ್ಟು ನೋಡಿದೆ. ಸುಳ್ಳಲ್ಲ, ನನಗೂ ಮಕ್ಕಳೇ ಕಂಡವು.

ಇಲ್ಲದ್ದು ಕಾಣುವುದು ಬೇರೆ, ಇದ್ದದ್ದು ಬೇರೆಯಾಗಿ ಕಾಣುವುದು ಬೇರೆ. ಎರಡನೆಯದಕ್ಕೆ ಬಲ್ಬು ಹಾಕಿ ಕೊಪ್ಪೆ ತೆಗೆದರೆ ಅರ್ಧ ಚಿಕಿತ್ಸೆ ಆಯಿತು. ಕಿವಿ ಕೇಳಿಸದು, ಬೆಳಕಿಲ್ಲ, ಮಾತ್ರೆಯಿಂದ ಮಂಕು. ಇಷ್ಟು ಇದ್ದರೆ ಮಿದುಳು ಸಿಕ್ಕಿದ ಚೂರುಪಾರಿನಲ್ಲೇ ಏನೋ ಒಂದು ಚಿತ್ರ ಕಟ್ಟಿಕೊಳ್ಳುತ್ತದೆ.

ಸನ್ನಿಯನ್ನು ಗುರುತಿಸಲು 1990ರಲ್ಲಿ ಶರನ್ ಇನೌಯಿ ಮತ್ತು ಅವರ ತಂಡ ಒಂದು ವಿಧಾನ ಕೊಟ್ಟರು. ಕ್ಯಾಮ್ ಅಂತ ಕರೆಯುತ್ತೇವೆ. ನಾಲ್ಕು ವಿಷಯ ನೋಡಬೇಕು. ತಟ್ಟನೆ ಶುರುವಾಗಿ ಏರಿಳಿತ ಇದೆಯಾ, ಗಮನ ನಿಲ್ಲದೆ ಹೋಗುತ್ತದಾ, ಮಾತು ದಾರಿ ತಪ್ಪುತ್ತದಾ, ಎಚ್ಚರದಲ್ಲಿ ವ್ಯತ್ಯಾಸ ಇದೆಯಾ. ಮೊದಲಿನ ಎರಡು ಇರಲೇಬೇಕು, ಜೊತೆಗೆ ಮೂರನೆಯದೋ ನಾಲ್ಕನೆಯದೋ ಒಂದು. ಇದರಲ್ಲಿ ಕಷ್ಟ ಎಂದರೆ ಗಮನ. ಪುಸ್ತಕದಲ್ಲಿ ತಿಂಗಳುಗಳನ್ನು ಹಿಂದಿನಿಂದ ಹೇಳಿಸಿ ಅಂತ ಇರುತ್ತದೆ. ನಾಲ್ಕನೇ ಕ್ಲಾಸು ಓದಿದ, ಮೊದಲೇ ಮರೆವಿರುವ ಅಜ್ಜಿ ಡಿಸೆಂಬರ್ ನವೆಂಬರ್ ಅಂತ ಹೇಳದೇ ಹೋದರೆ ಅದರಿಂದ ಏನು ತಿಳಿಯುತ್ತದೆ? ನೆನಪಿನ ಪರೀಕ್ಷೆಗಳಲ್ಲೂ ಇದೇ ತೊಡಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಲ್ಲಿ ಅಂಥ ಪರೀಕ್ಷೆ ಹೊಂದಿಸಿದ್ದು ಈ ಕಾರಣಕ್ಕೇ. ಆದರೆ ಅದು ಕ್ಲಿನಿಕ್ಕಿನಲ್ಲಿ ಕೂತು ಮಾಡುವಂಥದ್ದು.

ಸೊಸೆಯನ್ನು ಕೇಳಿದೆ: ಮರೆವು ಬಂದ ಮೇಲೂ ಅತ್ತೆ ತಪ್ಪಿಲ್ಲದೆ ಮಾಡುತ್ತಿದ್ದದ್ದು ಏನಾದರೂ ಇದೆಯಾ?

"ಸಂವತ್ಸರ. ಸಂಜೆ ದೀಪ ಹಚ್ಚಿ ಮೊಮ್ಮಗಳ ಹತ್ರ ಅರವತ್ತೂ ಹೇಳಿಸ್ತಾರೆ. ಅವಳು ತಪ್ಪಿದ್ರೆ ಇವರೇ ತಿದ್ದೋದು."

ಇದಕ್ಕಿಂತ ಒಳ್ಳೆಯ ಪರೀಕ್ಷೆ ಯಾವುದು? ಬಾಲ್ಯದಲ್ಲಿ ಬಾಯಿಪಾಠ ಮಾಡಿದ್ದು ಮರೆವಿನ ಕಾಯಿಲೆಯಲ್ಲಿ ಬಹಳ ಕಾಲ ಉಳಿಯುತ್ತದೆ. ಅದು ಹತ್ತು ದಿನದಲ್ಲಿ ಹೋಗಿದ್ದರೆ ಹೋಗಿದ್ದು ನೆನಪಲ್ಲ, ಗಮನ.

"ಅಜ್ಜಿ, ಸಂವತ್ಸರ ಹೇಳಿ ನೋಡೋಣ. ಪ್ರಭವ..."

"ಪ್ರಭವ, ವಿಭವ, ಶುಕ್ಲ..." ನಿಂತಿತು. ಕೈ ಡೈಪರಿನ ಅಂಚನ್ನು ಕೀಳುತ್ತಿತ್ತು. "ಪ್ರಭವ, ವಿಭವ... ಕಳ್ಳಿ, ನನ್ನ ಓಲೆ ಎಲ್ಲಿಟ್ಟೆ?" ಅದು ಸೊಸೆಗೆ.

ಸೊಸೆ ಎದ್ದು ಒಳಗೆ ಹೋದರು. ಇಪ್ಪತ್ತೆರಡು ವರ್ಷ ಆ ಮನೆಯಲ್ಲಿ ಬೆಳಗ್ಗೆ ಮೊದಲು ಎದ್ದವರು, ರಾತ್ರಿ ಕೊನೆಗೆ ಮಲಗಿದವರು.

ನಾನು ತಪ್ಪಿದ್ದು

ನಾಡಿ 104, ಬಿಪಿ ಮಲಗಿದಾಗ 112/70, ಕೂರಿಸಿದಾಗ 92/60. ಜ್ವರ ಅಂಥಾದ್ದೇನಿಲ್ಲ. ಗ್ಲೂಕೋಮೀಟರಿನಲ್ಲಿ 118. ಹೊಟ್ಟೆ ಮುಟ್ಟಲು ಹೋದಾಗ ಅಜ್ಜಿ ಕೈ ಬೀಸಿ ಹೊಡೆದರು. "ಬೇಡ ಸಿಸ್ಟರ್, ಅಲ್ಲಿ ಮುಟ್ಟಿದ್ರೆ ಹೊಡೀತಾರೆ" ಅಂದರು ಸೊಸೆ. ನಾನು ಬಿಟ್ಟೆ. ನೋಟ್ ಪುಸ್ತಕದಲ್ಲಿ "ಸ್ವಲ್ಪ ಭೇದಿ, ಮೂತ್ರ ಹಿಡಿತವಿಲ್ಲ, ಮುಟ್ಟಿದರೆ ಸಿಟ್ಟು" ಅಂತ ಬರೆದೆ.

ಡಾಕ್ಟರಿಗೆ ಫೋನ್ ಮಾಡಿದೆ. ಮಾತ್ರೆ ನಿಲ್ಲಿಸುವ ಅಧಿಕಾರ ನನಗಿಲ್ಲ, ಆದರೆ ಡಬ್ಬಿಯಲ್ಲಿ ಏನಿದೆ ಅಂತ ಹೇಳುವ ಜವಾಬ್ದಾರಿ ಇದೆ. ಆಕ್ಸಿಬ್ಯುಟಿನಿನ್, ಶೀತದ್ದು, ಭೇದಿಯದ್ದು, ಬಿಪಿಯ ನೀರಿನ ಮಾತ್ರೆ ಇವತ್ತಿನಿಂದಲೇ ನಿಲ್ಲಿಸಿ, ನಿದ್ದೆ ಮಾತ್ರೆ ಶುರುಮಾಡಿ ನಾಲ್ಕೇ ದಿನ ಆಗಿರುವುದರಿಂದ ಅದೂ ಬೇಡ, ನಾಳೆ ಬೆಳಗ್ಗೆ ರಕ್ತಪರೀಕ್ಷೆಗೆ ಕರೆತನ್ನಿ ಅಂದರು. ಸರಿ ಅಂತ ನಾನು ಹೊರಟೆ.

ಸ್ಕೂಟರಿನಲ್ಲಿ ಘಾಟಿಯ ತಿರುವು ಇಳಿಯುವಾಗ ತಲೆಗೆ ಬಂತು. ದಿನಕ್ಕೆ ನಾಲ್ಕು ಚಮಚ ಗಂಜಿ ಕುಡಿಯುವವರಿಗೆ ಭೇದಿ ಎಲ್ಲಿಂದ? ನೀರೇ ಕುಡಿಯದವರ ಡೈಪರ್ ಇಡೀ ದಿನ ಹನಿಹನಿ ಒದ್ದೆ ಆಗುವುದು ಹೇಗೆ? ಮಲ ಗಟ್ಟಿಯಾಗಿ ಕಟ್ಟಿಕೊಂಡಾಗ ಅದರ ಪಕ್ಕದಿಂದ ನೀರಾಗಿ ಸೋರುತ್ತದೆ. ಮೂತ್ರಕೋಶ ತುಂಬಿ ತುಳುಕುವಾಗಲೂ ಸೋರುತ್ತದೆ. ಎರಡೂ ನೋಡುವವರ ಕಣ್ಣಿಗೆ "ಹಿಡಿತ ತಪ್ಪಿದೆ" ಅಂತಲೇ ಕಾಣುತ್ತದೆ. ವಾರ್ಡಿನಲ್ಲಿ ಹೊಸ ಹುಡುಗಿಯರಿಗೆ ನಾನೇ ಇದನ್ನು ಹೇಳಿಕೊಟ್ಟವಳು.

ಗಾಡಿ ತಿರುಗಿಸಿ ಮತ್ತೆ ಹೋದಾಗ ಸಂಜೆ ನಾಲ್ಕು. ಈ ಸಲ ಕೈ ಬೆಚ್ಚಗೆ ಮಾಡಿಕೊಂಡೆ. ಮೊದಲು ಅಜ್ಜಿಯ ಕೈ ಹಿಡಿದು, ಅವರ ಕೈಯನ್ನೇ ಅವರ ಹೊಟ್ಟೆಯ ಮೇಲೆ ಇಟ್ಟು, ಅದರ ಮೇಲೆ ನನ್ನ ಕೈ. ಹೊಕ್ಕುಳಿನ ತನಕ ಗುಂಡಗೆ, ತುಂಬಿದ ಚರ್ಮದ ಚೀಲದ ಹಾಗೆ ಮೂತ್ರಕೋಶ. ಮುಖ ಕಿವುಚಿತು, ಉಸಿರು ಸಿಕ್ಕಿಕೊಂಡಿತು, ಮೊಣಕಾಲು ಮೇಲೆ ಬಂತು. ಮಾತಿನಲ್ಲಿ ನೋವು ಹೇಳಲಾಗದವರಿಗೆ ಪೈನಾಡ್ ಅನ್ನುವ ಅಳತೆ ಇದೆ. ಉಸಿರು, ನರಳಾಟ, ಮುಖ, ಮೈ, ಸಮಾಧಾನ ಮಾಡಿದರೆ ಸುಮ್ಮನಾಗುತ್ತಾರಾ ಅನ್ನುವುದು, ಐದಕ್ಕೂ ಎರಡೆರಡು ಅಂಕ. ಹತ್ತಕ್ಕೆ ಏಳು ಬಂತು. ಆರು ದಿನದಿಂದ ಆ ಮನೆಯವರು "ಸಿಟ್ಟು" ಅಂದುಕೊಂಡಿದ್ದು, ಬೆಳಗ್ಗೆ ನಾನೂ ಬರೆದುಕೊಂಡಿದ್ದು, ಇದನ್ನೇ.

ನಾಳೆ ತನಕ ಕಾಯುವ ಮಾತೇ ಇಲ್ಲ. ನಾಲ್ಕೂವರೆ ಗಂಟೆ ನನ್ನ ಕೈಯಿಂದ ಹೋಯಿತು. ಜೀಪು ಮಾಡಿಸಿ ಹೊರಟೆವು.

ಎತ್ತಿ ಕೂರಿಸುವಾಗ ಎಡಗೈ ಮಣಿಕಟ್ಟಿನ ಸುತ್ತ ಕೆಂಪು ಗೆರೆ ಕಾಣಿಸಿತು. ಬೆಳಗ್ಗೆ ಅದು ಬಳೆಯ ಕೆಳಗಿತ್ತು. ನಾನು ಮಗನ ಮುಖ ನೋಡಿದೆ. ಅವರು ನೆಲ ನೋಡಿದರು. "ಮೊನ್ನೆ ರಾತ್ರಿ ಅಂಗಳಕ್ಕೆ ಓಡಿದ್ರು ಸಿಸ್ಟರ್. ಮಳೆ, ಜಾರತ್ತೆ, ಪಕ್ಕದಲ್ಲೇ ಬಾವಿ. ಹಳೇ ಸೀರೆ ಮೆತ್ತಗಿರತ್ತೆ ಅಂತ..."

ಬೈಯುವುದು ಸುಲಭ. ಆರು ರಾತ್ರಿ ಕಣ್ಣು ಮುಚ್ಚದ ಇಬ್ಬರು, ಪಕ್ಕದಲ್ಲಿ ಬಾವಿ. ನಾನು ಏನೂ ಹೇಳಲಿಲ್ಲ. ಅದು ತಪ್ಪೋ ಸರಿಯೋ ಈಗಲೂ ಗೊತ್ತಿಲ್ಲ.

ಆಸ್ಪತ್ರೆಯ ನಾಲ್ಕು ದಿನ

ಕ್ಯಾಥೆಟರ್, ಅಂದರೆ ಮೂತ್ರ ಹೊರತೆಗೆಯುವ ನಳಿಕೆ, ಹಾಕಿದಾಗ ಬಂದದ್ದು 950 ಮಿಲಿ. ಸಾಮಾನ್ಯವಾಗಿ ಮುನ್ನೂರು ನಾನೂರು ಮಿಲಿ ತುಂಬಿದಾಗಲೇ ನಮಗೆಲ್ಲಾ ಎದ್ದು ಹೋಗಬೇಕು ಅನ್ನಿಸುತ್ತದೆ. ಅಜ್ಜಿ ಅಲ್ಲೇ, ಆ ಮೇಜಿನ ಮೇಲೇ, ನಿದ್ದೆ ಹೋದರು. ಆಮೇಲೆ ಎನಿಮಾ, ಕೈಯಿಂದ ಸ್ವಲ್ಪ ತೆಗೆಯಬೇಕಾಯಿತು. ಆ ವಿವರ ಬೇಡ. ಮಲ ಸಡಿಲಿಸುವ ಲ್ಯಾಕ್ಟುಲೋಸ್ ಎರಡು ದಿನದಲ್ಲಿ ಉಳಿದದ್ದನ್ನು ನೋಡಿಕೊಂಡಿತು.

ರಕ್ತದಲ್ಲಿ ಸೋಡಿಯಂ 126. 135ರಿಂದ 145 ಇರಬೇಕಾದದ್ದು. ಬಿಪಿಯ ನೀರಿನ ಮಾತ್ರೆ, ಊಟ ಇಲ್ಲ, ಉಪ್ಪಿಲ್ಲ. ಮಗ, "ಡ್ರಿಪ್ಸ್ ಸ್ವಲ್ಪ ಜೋರಾಗಿ ಬಿಡಬಹುದಲ್ವಾ, ಬೇಗ ಸರಿಹೋಗ್ಲಿ" ಅಂದರು. ಎಲ್ಲರೂ ಕೇಳುವ ಮಾತೇ. ಆದರೆ ಇಳಿದ ಸೋಡಿಯಂ ತಟ್ಟನೆ ಏರಿದರೆ ಮಿದುಳಿಗೆ ಸರಿಮಾಡಲಾಗದ ಪೆಟ್ಟು ಬೀಳಬಹುದು. 24 ಗಂಟೆಯಲ್ಲಿ ಎಂಟು ಹತ್ತಕ್ಕಿಂತ ಜಾಸ್ತಿ ಏರಬಾರದು. ಮರುದಿನ 131, ಅದರ ಮರುದಿನ 134.

ಮೂತ್ರದ ಪರೀಕ್ಷೆಯಲ್ಲಿ ಕೆಲವು ಬ್ಯಾಕ್ಟೀರಿಯಾ ಸಿಕ್ಕಿತು. ವಯಸ್ಸಾದ ಹೆಂಗಸರಲ್ಲಿ ಏನೂ ತೊಂದರೆ ಇಲ್ಲದೆಯೂ ಅದು ಸಿಗುತ್ತದೆ. ಡಾಕ್ಟರ್ ಬರೀ ಆ ರಿಪೋರ್ಟ್ ನೋಡಿ ಆಂಟಿಬಯಾಟಿಕ್ ಕೊಡಲಿಲ್ಲ. ಅದಕ್ಕೆ ಅವರಿಗೆ ಒಂದು ನಮಸ್ಕಾರ.

ಎರಡನೇ ರಾತ್ರಿ ಕಷ್ಟ ಆಯಿತು. ಹೊಸ ಜಾಗ, ಪಕ್ಕದ ಬೆಡ್ಡಿನ ಕೆಮ್ಮು, ಟ್ಯೂಬ್‌ಲೈಟು. ಎರಡು ಗಂಟೆಗೆ ಅಜ್ಜಿ ಕ್ಯಾಥೆಟರ್ ಎಳೆಯಲು ಶುರುಮಾಡಿದರು. ಬಲೂನು ಒಳಗಿರುವಾಗ ಎಳೆದರೆ ರಕ್ತ ಬರುತ್ತದೆ. ಡ್ಯೂಟಿ ಡಾಕ್ಟರ್ ಹ್ಯಾಲೋಪೆರಿಡಾಲ್ ಕೊಡೋಣ ಅಂದರು, ಭ್ರಮೆ ಮತ್ತು ಗಲಾಟೆ ತಗ್ಗಿಸಲು ಕೊಡುವ ಹಳೆಯ ಮನೋರೋಗದ ಔಷಧ. ಡೆಮೆನ್ಷಿಯಾ ಇರುವ ವಯಸ್ಸಾದವರಿಗೆ ಈ ಬಗೆಯ ಮಾತ್ರೆ ಕೊಟ್ಟರೆ ಸಾವಿನ ಅಪಾಯ ಏರುತ್ತದೆ ಅಂತ ಅಮೆರಿಕದ ಔಷಧ ಇಲಾಖೆ 2005ರಲ್ಲಿ ಹೊಸ ಮಾತ್ರೆಗಳಿಗೆ, 2008ರಲ್ಲಿ ಹಳೆಯವಕ್ಕೂ ಎಚ್ಚರಿಕೆ ಹಾಕಿಸಿದೆ. ಇನ್ನೊಂದು ಭಯವೂ ನನಗಿತ್ತು. ಮಕ್ಕಳು ಕಾಣಿಸುವುದು ಲ್ಯೂಯಿ ಬಾಡಿ ಅನ್ನುವ ಬೇರೆ ಜಾತಿಯ ಡೆಮೆನ್ಷಿಯಾದಲ್ಲಿ ಸಾಮಾನ್ಯ. ಅದಿದ್ದರೆ ಹ್ಯಾಲೋಪೆರಿಡಾಲ್ ವಿಷದ ಹಾಗೆ. ಕೇಳಿದೆ. ಡಾಕ್ಟರ್ ಬೇಸರ ಮಾಡಿಕೊಳ್ಳದೆ ಕೈ ಮಡಚಿ ಬಿಡಿಸಿ ನೋಡಿದರು. ಬಿಗಿತ ಇಲ್ಲ, ನಡುಕ ಇಲ್ಲ. ಈ ವಾರಕ್ಕೆ ಮೊದಲು ಯಾವತ್ತೂ ಏನೂ ಕಂಡಿಲ್ಲ ಅಂತ ಮಗ ಹೇಳಿದರು. ಇಸಿಜಿ ನೋಡಿ ಅರ್ಧ ಮಿಲಿಗ್ರಾಂ, ಒಂದೇ ಸಲ. ಬೆಳಗಿನ ತನಕ ಮಗ ಕೈ ಹಿಡಿದು ಕೂತಿದ್ದರು. ಕಟ್ಟಲಿಲ್ಲ. ಮೂರನೇ ದಿನ ಬೆಳಗ್ಗೆ ಕ್ಯಾಥೆಟರ್ ತೆಗೆದೆವು, ಮಧ್ಯಾಹ್ನದೊಳಗೆ ತಾವೇ ಎರಡು ಸಲ ಹೋದರು. ನಮ್ಮ ವಾರ್ಡುಗಳಲ್ಲಿ ರೋಗಿಯ ಜೊತೆ ಮನೆಯವರೊಬ್ಬರು ಇರುವುದನ್ನು ಗಲಾಟೆ ಅಂತ ಬೈಯುತ್ತೇವೆ. ಸನ್ನಿ ಹಿಡಿದವರಿಗೆ ಗೊತ್ತಿರುವ ಒಂದು ಮುಖ ಯಾವ ಮಾತ್ರೆಗಿಂತಲೂ ಹೆಚ್ಚು.

ಕಿವಿಯ ಮಿಷನ್ನಿಗೆ ಬ್ಯಾಟರಿ ತಂದದ್ದು ಮೂರನೇ ದಿನ. ಹಾಕಿದ ತಕ್ಷಣ ಅಜ್ಜಿ ಕೇಳಿದ್ದು, "ಮಳೆ ಬರ್ತಾ ಇದ್ಯಾ?"

ಮನೆಗೆ ಬಂದ ಮೇಲೆ

ಡೊನೆಪೆಜಿಲ್ 5ಕ್ಕೆ ಇಳಿಯಿತು. ಬಿಪಿಗೆ ಬೇರೆ ಮಾತ್ರೆ. ಮೂತ್ರದ್ದಕ್ಕೆ ಮಾತ್ರೆಯೇ ಇಲ್ಲ, ಎರಡು ಗಂಟೆಗೊಮ್ಮೆ ಕರೆದುಕೊಂಡು ಹೋಗುವುದು ಅಷ್ಟೇ. ಮಂಚ ಸರಿಸಿ ನೆಲದ ಮೇಲೆ ಗಾದಿ ಹಾಕಿದೆವು. ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿಯೆಲ್ಲಾ ಉರಿಯುವ ಸಣ್ಣ ಬಲ್ಬು. ಅಂಗಳದ ಬಾಗಿಲಿಗೆ ಗಂಟೆ ಕಟ್ಟಿದೆವು, ದನದ ಕೊರಳಿನದು. ಕೊಪ್ಪೆಗಳು ಕೊಟ್ಟಿಗೆಗೆ ಹೋದವು. ಹಗಲು ಹೊತ್ತು ಜಗುಲಿಯಲ್ಲಿ ಬೆಳಕಿನ ಕಡೆ ಮುಖ ಮಾಡಿ ಕೂರಿಸುವುದು. ಎಷ್ಟು ಲೋಟ ನೀರು ಕುಡಿದರು, ಹೊರಕ್ಕೆ ಹೋದರಾ ಅನ್ನುವುದು ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ.

"ಮಕ್ಕಳು ಬಂದಿದಾವೆ" ಅಂದಾಗ "ಇಲ್ಲ, ಯಾರೂ ಇಲ್ಲ" ಅಂತ ವಾದಿಸಬೇಡಿ ಅಂತ ಸೊಸೆಗೆ ಹೇಳಿದ್ದೆ. ಇದೆ ಅಂತಲೂ ಸುಳ್ಳು ಹೇಳುವುದು ಬೇಡ. "ಹೆದರಿಕೆ ಆಯ್ತಾ ಅತ್ತೆ? ನಾನಿದೀನಿ, ಲೈಟ್ ಹಾಕ್ತೀನಿ" ಅಂದರೆ ಸಾಕು. ಅವರು ಮೊದಲ ಸಲ ಹಾಗೆ ಹೇಳಿದ ರಾತ್ರಿ ಅಜ್ಜಿ, "ನಿಂಗೂ ಹೆದರಿಕೆ ಆಗತ್ತಾ?" ಅಂತ ಕೇಳಿದರಂತೆ.

ಸನ್ನಿ ಸ್ವಿಚ್ ಆರಿಸಿದ ಹಾಗೆ ಹೋಗುವುದಿಲ್ಲ. ಎರಡು ದಿನ ಚೆನ್ನಾಗಿ, ಒಂದು ರಾತ್ರಿ ಮತ್ತೆ ಗಲಿಬಿಲಿ. ಇದನ್ನು ಮೊದಲೇ ಹೇಳದಿದ್ದರೆ ಮನೆಯವರು ಹೆದರಿ ಮತ್ತೆ ನಿದ್ದೆ ಮಾತ್ರೆಗೆ ಹೋಗುತ್ತಾರೆ. ಸೊಸೆಗೆ ನಿದ್ದೆ ಬೇಕಿತ್ತು, ಅದು ಔಷಧದಷ್ಟೇ ಮುಖ್ಯ. ಶಿವಮೊಗ್ಗದಲ್ಲಿರುವ ಮಗಳನ್ನು ನಾಲ್ಕು ರಾತ್ರಿಗೆ ಕರೆಸಿದೆವು. ಮಗಳು ಮೊದಲ ದಿನ "ಅಮ್ಮ ಚೆನ್ನಾಗೇ ಇದಾಳಲ್ಲ" ಅಂದಳು. ಎರಡನೇ ರಾತ್ರಿಯ ನಂತರ ಆ ಮಾತು ಬರಲಿಲ್ಲ. ಇಡೀ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಏಳು ಚಿಲ್ಲರೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡೆಮೆನ್ಷಿಯಾ ಇದೆ ಅಂತ 2023ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಅಷ್ಟು ಮನೆಗಳಲ್ಲಿ ನಿದ್ದೆಗೆಟ್ಟ ಒಬ್ಬ ಸೊಸೆಯೋ ಮಗಳೋ ಹೆಂಡತಿಯೋ ಇದ್ದಾರೆ. ಯಾರಿಗಾದರೂ ಹೇಳಿಕೊಳ್ಳಲಿ ಅಂತ ಟೆಲಿ ಮಾನಸ್ 14416, ಹಿರಿಯರ ಸಹಾಯವಾಣಿ 14567, ಎರಡೂ ನಂಬರನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟೆ. ಕನ್ನಡದಲ್ಲೇ ಮಾತಾಡಬಹುದು.

ಸುಮ್ಮನಾದ ಅಜ್ಜಿ

ಜುಲೈ ಮೂರನೇ ವಾರ ಹೋದಾಗ ಮನೆಯವರು ಖುಷಿಯಲ್ಲಿದ್ದರು. "ಈಗ ಪಾಪ, ಶಾಂತವಾಗಿದಾರೆ. ಒಂದು ಮಾತಿಲ್ಲ."

ನನಗೆ ಖುಷಿ ಆಗಲಿಲ್ಲ. ಕೂಗುವ ರೋಗಿಯ ಹತ್ತಿರ ಎಲ್ಲರೂ ಓಡುತ್ತಾರೆ. ಸುಮ್ಮನೆ ಮಲಗಿದವರ ಹತ್ತಿರ ಯಾರೂ ಹೋಗುವುದಿಲ್ಲ. ಸನ್ನಿಯಲ್ಲೂ ಸುಮ್ಮನಾಗಿಸುವ ಬಗೆ ಇದೆ, ಅದರಲ್ಲಿ ಸಾವೂ ಜಾಸ್ತಿ.

ಸಂವತ್ಸರ ಕೇಳಿದೆ. ಮೆಲ್ಲಗೆ, ತಪ್ಪಿಲ್ಲದೆ, ತಾರಣದ ತನಕ ಹೇಳಿ, "ಸಾಕು" ಅಂದರು. ಗಮನ ಇದೆ, ಹಾಗಾದರೆ ಸನ್ನಿ ಅಲ್ಲ. ಆದರೆ ಮೂರು ಕಿಲೋ ಇಳಿದಿದ್ದರು. ಬೆಳಗಿನ ಮೂರಕ್ಕೇ ಎಚ್ಚರ. ಮೊದಲೆಲ್ಲಾ ಬಿಡುವಾದಾಗ ಹೂಬತ್ತಿ ಹೊಸೆಯುತ್ತಿದ್ದವರು ಹತ್ತಿಯನ್ನು ಮುಟ್ಟಿರಲಿಲ್ಲ. ಖಿನ್ನತೆಯ ಪ್ರಶ್ನಾವಳಿಯನ್ನು ಮರೆವಿರುವವರಿಗೆ ನೇರ ಕೇಳಿದರೆ ಉತ್ತರ ನಂಬುವ ಹಾಗಿಲ್ಲ. ಕಾರ್ನೆಲ್ ಅಳತೆ ಅಂತ ಒಂದಿದೆ, ಅದರಲ್ಲಿ ನೋಡಿಕೊಳ್ಳುವವರನ್ನೂ ಕೇಳಿ ಎರಡನ್ನೂ ಹೊಂದಿಸುತ್ತೇವೆ. ಅಂಕ ಜಾಸ್ತಿಯೇ ಬಂತು.

ಮಾತಾಡುತ್ತಾ ಅಜ್ಜಿ ಎಡಗೈ ಮಣಿಕಟ್ಟನ್ನು ಬಲಗೈಯಲ್ಲಿ ಸವರಿಕೊಳ್ಳುತ್ತಿದ್ದರು. ಗೆರೆ ಮಾಸಿ ಮೂರು ವಾರ ಆಗಿತ್ತು.

"ನೋವಾ ಅಜ್ಜಿ?"

"ದನ ಕಟ್ಟಿದ ಹಾಗೆ ಕಟ್ಟಿದ್ರು ಮಗಾ. ಯಾರು ಅಂತ ಗೊತ್ತಿಲ್ಲ."

ಬೆಳಗ್ಗೆ ತಿಂದ ತಿಂಡಿ ನೆನಪಿಲ್ಲದವರಿಗೆ ಇದು ನೆನಪಿತ್ತು. ಸನ್ನಿಯಿಂದ ಹೊರಬಂದವರಿಗೆ ಅದರ ಚೂರುಗಳು, ಅದರಲ್ಲೂ ಭಯದ ಚೂರುಗಳು, ಉಳಿಯುತ್ತವೆ. ಹೇಳಿಕೊಳ್ಳಲು ದಾರಿ ಇರುವುದಿಲ್ಲ. ಮರೆವಿರುವವರಿಗೆ ಏನೂ ತಿಳಿಯುವುದಿಲ್ಲ ಅಂತ ನಾವು ಅವರ ಎದುರಿಗೇ ಎಷ್ಟು ಮಾತಾಡುತ್ತೇವೆ ಅಂತ ಆಗ ಅನ್ನಿಸಿತು.

ಡಾಕ್ಟರ್ ತಕ್ಷಣ ಖಿನ್ನತೆಯ ಮಾತ್ರೆ ಕೊಡಲಿಲ್ಲ. ಹಲವು ಮಾತ್ರೆಗಳು ಸೋಡಿಯಂ ಮತ್ತೆ ಇಳಿಸುತ್ತವೆ. ಅದೂ ಅಲ್ಲದೆ ಡೆಮೆನ್ಷಿಯಾದ ಜೊತೆಗಿರುವ ಖಿನ್ನತೆಗೆ ಸರ್ಟ್ರಲೀನ್, ಮಿರ್ಟಜಪೈನ್ ಎರಡೂ ಬರೀ ಸಕ್ಕರೆ ಗುಳಿಗೆಗಿಂತ ಹೆಚ್ಚು ಕೆಲಸ ಮಾಡಲಿಲ್ಲ ಅಂತ 2011ರಲ್ಲಿ ಬ್ರಿಟನ್ನಿನ ದೊಡ್ಡ ಪರೀಕ್ಷೆಯೊಂದು ತೋರಿಸಿದೆ. ನಾಲ್ಕು ವಾರ ನೋಡೋಣ, ತೂಕ ಇನ್ನೂ ಇಳಿದರೆ ಅಥವಾ ಸಾಯುವ ಮಾತು ಬಂದರೆ ಆವತ್ತೇ ಫೋನ್ ಮಾಡಿ ಅಂದರು.

ಮಗನಿಗೆ ನಾನು ಒಂದೇ ಕೆಲಸ ಹೇಳಿದೆ. ಅವರಿಗೆ ಅದು ಕಷ್ಟ ಆಯಿತು, ಎರಡು ದಿನ ಮುಂದೂಡಿದರು. ಮೂರನೇ ದಿನ ಸಂಜೆ ಜಗುಲಿಯಲ್ಲಿ ಅಮ್ಮನ ಪಕ್ಕ ಕೂತು, "ಅಮ್ಮಾ, ಅವತ್ತು ನಿನ್ನ ಕೈ ಕಟ್ಟಿದ್ದು ನಾನು. ಬಾವಿಗೆ ಬೀಳ್ತೀಯ ಅಂತ ಹೆದರಿ ಕಟ್ಟಿದೆ. ತಪ್ಪಾಯ್ತು" ಅಂದರಂತೆ. ಅಜ್ಜಿ ಏನೂ ಹೇಳಲಿಲ್ಲವಂತೆ. ಸ್ವಲ್ಪ ಹೊತ್ತಾದ ಮೇಲೆ, "ಬಾವಿಗೆ ಕಟ್ಟೆ ಎತ್ತರ ಮಾಡ್ಸು" ಅಂದರಂತೆ.

ಸೊಸೆ ಹಲಸಿನ ಬೀಜದ ಬುಟ್ಟಿ ತಂದು ಮುಂದಿಟ್ಟರು, ಸಿಪ್ಪೆ ಸುಲಿಯಲು. ಅಜ್ಜಿಗೆ ಮಾಡಲು ಏನಾದರೂ ಕೊಡಿ ಅಂತ ನಾನು ಹೇಳಿದ್ದು ನಿಜ, ಆದರೆ ಹಲಸಿನ ಬೀಜ ಅವರದ್ದೇ ಯೋಚನೆ. ಮೊದಲ ದಿನ ಎಂಟು ಬೀಜ. ಸುಲಿದದ್ದನ್ನೂ ಸುಲಿಯದ್ದನ್ನೂ ಸೇರಿಸಿಬಿಟ್ಟರು. ಸೊಸೆ ಮಾತಾಡದೆ ರಾತ್ರಿ ಕೂತು ಬೇರೆ ಮಾಡಿದರು. ಆ ವಾರದ ಕೊನೆಗೆ ಸಾರಿಗೆ ಸಾಕಾಗುವಷ್ಟು.

ನಾನು ಕೊನೆಯ ಸಲ ಹೋಗಿದ್ದು ಸೆಪ್ಟೆಂಬರಿನಲ್ಲಿ. ತೂಕ ಎರಡು ಕಿಲೋ ವಾಪಸ್ ಬಂದಿತ್ತು. ಜೂನ್ ಮೊದಲಿದ್ದ ಹಾಗೆ ಪೂರ್ತಿ ಆಗಿರಲಿಲ್ಲ. ಈಗ ಸ್ನಾನಕ್ಕೆ ಜೊತೆಗೆ ಯಾರಾದರೂ ಬೇಕು, ಒಲೆಯ ಹತ್ತಿರ ಬಿಡುವ ಹಾಗಿಲ್ಲ. ಸನ್ನಿ ಹೋಗುವಾಗ ಸ್ವಲ್ಪ ಹೊತ್ತುಕೊಂಡೇ ಹೋಗುತ್ತದೆ. ಮಾತ್ರೆಯ ಡಬ್ಬಿಯ ಮುಚ್ಚಳದ ಮೇಲೆ ಮೂರೇ ಹೆಸರಿನ ಚೀಟಿ ಅಂಟಿಸಿತ್ತು. ಅದರ ಕೆಳಗೆ ಸೊಸೆಯ ಕೈಬರಹದಲ್ಲಿ: "ಹೊಸ ಮಾತ್ರೆ ಯಾರೇ ಕೊಟ್ಟರೂ ಮೊದಲು ಇದನ್ನು ತೋರಿಸುವುದು."

ನಾನು ಚೀಲ ಎತ್ತಿಕೊಳ್ಳುವಾಗ ಮೊಮ್ಮಗಳು ದೀಪದ ಹತ್ತಿರ ಕೂತು ಶುರುಮಾಡಿದಳು. ವಿಕೃತಿ ಆದ ಮೇಲೆ ತಡವರಿಸಿದಳು. ಒಳಗಿನಿಂದ ಅಜ್ಜಿ, "ಖರ" ಅಂದರು. ಮುಂದಿನದು ಅವರಿಗೂ ಬರಲಿಲ್ಲ. ಸೊಸೆ ಅಡುಗೆಮನೆಯಿಂದ "ನಂದನ" ಅಂದರು.